ಹೊಸ್ತಿಲಿನ ಬೆಂಚು

ಬೃಂದಾಳ ಕಣ್ಣಿಗೆ ಊರವರು ಎಸೆದದ್ದೆಲ್ಲ ಚಿನ್ನ. ನಾಗಪುರದ ಗಾಂಧಿಬಾಗ್ ಪೇಟೆಯ ಅಂಗಡಿಯವರು ಬಿಸಾಡಿದ ತಕ್ಕಡಿ, ತುಕ್ಕು ಹಿಡಿದ ಸೈಕಲ್ ಚೈನು, ಕೆಡವಿದ ಹಳೆಯ ವಾಡೆ ಮನೆಗಳ ಕಿಟಕಿ, ಏನು ಸಿಕ್ಕರೂ ಹೊತ್ತು ತಂದು ಕುರ್ಚಿಯನ್ನೋ ಮೂರ್ತಿಯನ್ನೋ ಮಾಡಿ ನಿಲ್ಲಿಸುತ್ತಿದ್ದಳು. ತಾಯಿ ಪ್ರೇಮಾ ಗೊಣಗುತ್ತಲೇ ಅವುಗಳ ಧೂಳು ಒರೆಸುತ್ತಿದ್ದಳು. ಒಂದು ಬೆಂಚನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಅದು ಮಹಾಲ್ ಬಡಾವಣೆಯಲ್ಲಿ ಅವರು ಬಾಡಿಗೆಗಿದ್ದ ವಾಡೆಯ ಹೊಸ್ತಿಲು. ಹುಬ್ಬಳ್ಳಿಯಿಂದ ರೈಲ್ವೆ ನೌಕರಿಗೆ ಬಂದ ಅಪ್ಪ ಅಲ್ಲೇ ತೀರಿಕೊಂಡಿದ್ದ. ಅದಕ್ಕೂ ಮೊದಲು, ಅಪ್ಪನೊಂದಿಗೆ ಜಗಳವಾಡಿದ ಅಣ್ಣ ಸುನೀಲ್ ಆ ಹೊಸ್ತಿಲು ದಾಟಿ ಹೋದವನು ಮರಳಿರಲಿಲ್ಲ. ಮಗ ಎಲ್ಲೋ ಬದುಕಿದ್ದಾನೆ ಎಂಬ ನಂಬಿಕೆಯ ಮೇಲೇ ತಾಯಿಯ ಜೀವ ನಿಂತಿತ್ತು. ಆ ನಂಬಿಕೆಯನ್ನು ಕಾಯುವುದೇ ಬೃಂದಾಳ ಪಾಲಿಗೆ ದೊಡ್ಡ ಕೆಲಸವಾಗಿತ್ತು.

ವಾಡೆ ಕೆಡವಿದ ದಿನ ಆ ತೇಗದ ಹೊಸ್ತಿಲನ್ನು ಈಗಿನ ಮನೆಗೆ ಎತ್ತಿ ತಂದು, ಕಬ್ಬಿಣದ ಕಾಲು ಜೋಡಿಸಿ ಬೆಂಚು ಮಾಡಿದಳು.

“ಹೊಸ್ತಿಲ ಮ್ಯಾಲೆ ಯಾರರ ಕುಂದ್ರತಾರೇನವಾ? ಬರಾವ್ರಿಗೆ ಅಡ್ಡ ಆಗತೈತಿ,” ಅಂದಳು ತಾಯಿ.

“ಈಗ ಅದು ಹೊಸ್ತಿಲಾ ಎಲ್ಲೈತಿ ಅವ್ವಾ, ಬರೇ ಕಟಿಗಿ.”

ಕಲಾವಿದೆಯ ಸೊಕ್ಕು, ಇನ್ನೇನು.

ಬರಬರುತ್ತ ಬೃಂದಾಳಿಗೆ ಒಂದು ಸಂಗತಿ ತಿಳಿಯಿತು. ಬೆಂಚಿನ ನಡುವೆ ಕೂತವರು ಯಾರೂ ನಡುವೆ ಉಳಿಯುತ್ತಿರಲಿಲ್ಲ. ಚಹಾ ಕುಡಿಯುತ್ತ, ಹರಟುತ್ತ, ತಮಗೇ ಗೊತ್ತಿಲ್ಲದೆ ಪಕ್ಕಕ್ಕೆ ಸರಿಯುತ್ತಿದ್ದರು, ಹಿಂದೆ ನಿಂತವರಿಗೆ ದಾರಿ ಬಿಡುವ ಹಾಗೆ. ಪಕ್ಕದ ಮನೆಯ ಮರಾಠಿ ಕಾಕೂ, ಹಿಡಿದ ಜಾಗ ಯಾರಿಗೂ ಬಿಡದ ಹೆಂಗಸು, ಅವಳೂ ಸರಿದಳು. ಹೊಸ್ತಿಲಾಚೆ ಕಾದು ನಿಂತವನು ಅಣ್ಣನೇ ಎಂದು ಮೇ ತಿಂಗಳ ಆ ಬಿಸಿಲಲ್ಲಿ ಬೃಂದಾಳಿಗೆ ಹೊಳೆಯಿತು. ಬದುಕಿದ್ದವನು ಬಂದಿದ್ದರೆ ಬಾಗಿಲು ಬಡಿಯುತ್ತಿದ್ದ, ಹೆಸರು ಹಿಡಿದು ಕೂಗುತ್ತಿದ್ದ.

ತಾಯಿಗೆ ಇದು ಗೊತ್ತಾಗುವ ಮೊದಲು ಬೆಂಚು ಮನೆಯಿಂದ ಹೋಗಬೇಕಿತ್ತು. ಪರಿಚಯದ ಡಾಕ್ಟರ್ ಗ್ರೀಷ್ಮಾ ಬೆಂಗಳೂರಿನವಳು, ಈಗ ನಾಗಪುರದಲ್ಲೇ ಇದ್ದಳು, ಇಂಥ ವಸ್ತುಗಳೆಂದರೆ ಅವಳಿಗೆ ಪ್ರಾಣ. ಫೋನ್ ಮಾಡಿದ ದಿನವೇ ಬಂದಳು. ಕೂತಳು, ಕಟ್ಟಿಗೆಯನ್ನು ಸವರಿದಳು, ಮಾತಿನ ಮಧ್ಯೆ ಮೆಲ್ಲಗೆ ಸರಿದಳು.

“ತುಂಬಾ ಚೆನ್ನಾಗಿದೆ ಬೃಂದಾ. ಸಂಜೆ ಟೆಂಪೋ ಕಳಿಸ್ತೀನಿ,” ಎಂದು ಹೇಳಿ ಹೋದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತ ತಾಯಿ ಎಲ್ಲವನ್ನೂ ನೋಡಿದ್ದಳು. ಸಂಜೆ ನೆಟ್ಟಗೆ ಬಂದು ಬೆಂಚಿನ ನಟ್ಟನಡುವೆ ಕೂತುಬಿಟ್ಟಳು.

“ಅವ್ವಾ, ಏಳು. ಟೆಂಪೋ ಬರತೈತಿ.”

“ಬರ್ಲಿ. ಕುಂತಾವ್ರೆಲ್ಲಾ ಯಾಕ ಸರೀತಾರ ಅಂತ ನನಗೂ ತಿಳಿತೈತಿ. ನಾ ಸರಿಯಂಗಿಲ್ಲ. ನನ್ನ ಮಗ ಜೀವಂತ ಅದಾನ.”

ಎರಡೂ ಕೈಗಳಿಂದ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಬೃಂದಾ ಅವಳ ಕಾಲ ಬಳಿ ಕುಸಿದು ಕೂತಳು. ಸರಿಯಬೇಡ ಅವ್ವಾ, ಸರಿಯಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಗಲ್ಲಿಯಲ್ಲಿ ಟೆಂಪೋ ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ.

ತಾಯಿಯ ಬೆರಳುಗಳು ಒಂದೊಂದಾಗಿ ಸಡಿಲವಾದವು. ಸೀರೆಯ ನಿರಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ಅವಳು ಪಕ್ಕಕ್ಕೆ ಸರಿದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. ಖಾಲಿಯಾದ ಜಾಗವನ್ನೇ ನೋಡುತ್ತಿದ್ದಳು.

“ಬಾ ಯಪ್ಪಾ, ಒಳಗ ಬಾ,” ಅಂದಳು. “ಭಾಳ ದಿನಾ ಹೊರಗ ನಿಂದ್ರಿಸಿಬಿಟ್ಟೆ ನಿನ್ನ.”