ಒಂದರಿಂದ ಮೂರರವರೆಗೆ ಸದ್ದಿಲ್ಲ

“ನಿನ್ನ ಪೀಡೆ ಕೆಮ್ಮಿದ್ರೆ ಹತ್ತು ಮಕ್ಕಳು ಎದ್ದು ಕೂರ್ತವೆ. ಬಾಯಿಗೆ ಬಟ್ಟೆ ತುರುಕ್ತೀಯೋ, ಆಚೆ ಬಿಸಾಕ್ತೀಯೋ, ನಿಂಗೇ ಬಿಟ್ಟಿದ್ದು.”

ಯಜಮಾನಿ ಇದನ್ನು ಪಿಸುಮಾತಿನಲ್ಲೇ ಹೇಳಿದಳು. ಮಧ್ಯಾಹ್ನ ಒಂದರಿಂದ ಮೂರರವರೆಗೆ, ಮಕ್ಕಳು ಮಲಗುವ ಹೊತ್ತಿನಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಆ ಮನೆಯಲ್ಲಿ ಬೈಗುಳವೂ ಬೆಕ್ಕಿನ ಹೆಜ್ಜೆಯಲ್ಲೇ ಬರಬೇಕು. ಬಾಗಿಲಲ್ಲಿ ಹಲಗೆ ತೂಗುತ್ತಿತ್ತು: ‘ಮೆಲ್ಲಗೆ ಬನ್ನಿ, ಪುಟಾಣಿಗಳು ಕನಸು ಕಾಣುತ್ತಿದ್ದಾರೆ.’

ಆಯಾ ತನ್ನ ಮೂರು ವರ್ಷದ ಮಗಳು ಗುಬ್ಬಿಯ ಬೆನ್ನು ನೀವುತ್ತ ತಲೆಯಾಡಿಸಿದಳು. ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಅತ್ತೆ ಕಾಯಿಲೆ ಬಿದ್ದ ಮೇಲೆ, ಮಗುವನ್ನು ಜೊತೆಗೆ ಕರೆತರಲು ಅವಳು ಹದಿನೈದು ದಿನ ಗೋಗರೆದಿದ್ದಳು. ಯಜಮಾನಿ ದೊಡ್ಡ ಮನಸ್ಸು ಮಾಡಿದ್ದಳು. ಆಟದ ಸಾಮಾನು ಮುಟ್ಟಕೂಡದು, ಹಾಸಿಗೆ ಹತ್ತಕೂಡದು, ತಾಯಂದಿರಿಗೆ ಕಳಿಸುವ ಫೋಟೋದಲ್ಲಿ ಕಾಣಕೂಡದು. ಗುಬ್ಬಿಯ ಸ್ವಂತ ಮನೆಯಲ್ಲೂ ಆಟದ ಸಾಮಾನು, ಹಾಸಿಗೆ, ಫೋಟೋ ಇರಲಿಲ್ಲ. ಹಾಗಾಗಿ ‘ನಮ್ಮಲ್ಲಿ ಮಕ್ಕಳಿಗೆ ಮನೆಯಲ್ಲಿದ್ದ ಹಾಗೇ’ ಎಂದು ಯಜಮಾನಿ ಹೇಳಿಕೊಳ್ಳುತ್ತಿದ್ದುದು ಪೂರ್ತಿ ಸುಳ್ಳೂ ಅಲ್ಲ.

ಗೇಟು ಕಿರುಗುಟ್ಟಿತು. ಕಿಟಕಿಯಲ್ಲಿ ಇಣುಕಿದ ಯಜಮಾನಿಯ ಮುಖ ಬಿಳಿಚಿಕೊಂಡಿತು. ತಪಾಸಣೆಯ ಅಧಿಕಾರಿ, ಗೇಟಿನಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಪರವಾನಗಿ ಇದ್ದದ್ದು ಆರು ಮಕ್ಕಳಿಗೆ.

ನಾಲ್ಕು ಮಕ್ಕಳನ್ನು ನಿದ್ದೆಯಲ್ಲೇ ಎತ್ತಿ ಸಾಮಾನು ಕೋಣೆಯ ನೆಲಕ್ಕೆ ಸಾಗಿಸಿದರು. ಅವರ ಹಾಸಿಗೆಗಳನ್ನು ಸುತ್ತಿ ಹಜಾರದ ಪರದೆಯ ಹಿಂದೆ ನಿಲ್ಲಿಸಿದ್ದಾಯಿತು. ಸಾಮಾನು ಕೋಣೆಯ ಮೂಲೆಯಲ್ಲಿ ಹಾಸಿದ ಹಳೆ ಬಟ್ಟೆಯಷ್ಟೇ ಗುಬ್ಬಿಯ ಪಾಲಿಗಿತ್ತು. ಈಗ ಅದೂ ಹೋಯಿತು.

“ಇದು ಕೆಮ್ಮತ್ತೆ. ಹಿತ್ತಲಿಗೆ ಹಾಕು.”

“ಜ್ವರ ಇದೆ ಅಮ್ಮಾವ್ರೇ. ಮೆಟ್ಟಿಲು ಕೆಂಡ ಆಗಿರುತ್ತೆ ಈಗ.”

“ಬೆಣ್ಣೆನಾ ನಿನ್ನ ಮಗಳು, ಕರಗೋಕೆ? ಇವು ನಾಲ್ಕರಲ್ಲಿ ಒಂದು ಎದ್ರೂ ನಾಳೆಯಿಂದ ನೀನು ಬರೋದು ಬೇಡ, ಮುಂಡೇದೇ.”

ಯಜಮಾನಿ ತಾನೇ ಗುಬ್ಬಿಯನ್ನು ಹೊರಗೆ ನೂಕಿ, ಆ ಕೋಣೆಯ ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಜಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು, ಹಜಾರದ ಕಡೆಯ ಬಾಗಿಲನ್ನೂ ಎಳೆದುಕೊಂಡು ಹೋದಳು.

ಆಯಾ ಬಲಗೈಯಲ್ಲಿ ಒಂದು ಮಗುವನ್ನು, ಎಡಗೈಯಲ್ಲಿ ಇನ್ನೊಂದನ್ನು ತಟ್ಟುತ್ತ, ಮೂರನೆಯದನ್ನು ತೊಡೆಯ ಮೇಲೆ ಹಾಕಿಕೊಂಡು ಮೊಣಕಾಲು ಅಲ್ಲಾಡಿಸುತ್ತ ಕುಳಿತಳು. ನಾಲ್ಕನೆಯವನು, ಗುಂಗುರು ಕೂದಲಿನ ಹುಡುಗ, ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದ್ದ.

ಹಜಾರದಿಂದ ಅಧಿಕಾರಿಯ ದನಿ ಬಂತು. “ಎಷ್ಟು ಶಾಂತಿ ರೀ ನಿಮ್ಮಲ್ಲಿ! ನಮ್ಮನೇಲಿ ಒಂದನ್ನ ಮಲಗಿಸೋಕೆ ಸಾಕುಸಾಕಾಗುತ್ತೆ.”

“ಪ್ರೀತಿ, ಮೇಡಂ. ಪ್ರೀತಿ ಒಂದಿದ್ರೆ ತಾವಾಗೇ ಮಲಗ್ತವೆ.”

ಹಿತ್ತಲ ಬಾಗಿಲನ್ನು ಉಗುರು ಕೆರೆಯಿತು. “ಅಮ್ಮಾ, ಕಾಲು ಸುಡ್ತಿದೆ.”

ಗುಬ್ಬಿ ಕಿರುಚಲಿಲ್ಲ. ಆ ಮನೆಯ ಶಿಸ್ತು ಕಲಿತ ಮಗು, ಅದೂ ಪಿಸುಮಾತಿನಲ್ಲೇ ಹೇಳಿತು.

ಗುಂಗುರು ಕೂದಲಿನವನು ಎದ್ದು ಕುಳಿತ. ಒಂದೊಂದಾಗಿ ತನ್ನ ಕಾಲುಚೀಲ ಕಳಚಿ, ಎರಡನ್ನೂ ಆಯಾಳ ಮುಂದೆ ಹಿಡಿದ. “ಗುಬ್ಬಿಗೆ” ಎಂದು ಅವಳ ಕಿವಿಯಲ್ಲಿ ಉಸುರಿದ.

ತನ್ನ ಕೈ ನಿಂತ ಮೇಲೆ ಈ ಮಕ್ಕಳು ಎಷ್ಟು ಹೊತ್ತು ತಡೆಯುತ್ತವೆಂದು ಅವಳಷ್ಟು ಬಲ್ಲವರಿಲ್ಲ. ಆಯಾ ಬಲಗೈ ಎತ್ತಿದಳು. ಎಡಗೈ ಎತ್ತಿದಳು. ತೊಡೆಯ ಮೇಲಿನದನ್ನು ಮೆತ್ತಗೆ ನೆಲಕ್ಕಿಳಿಸಿ, ಎದ್ದು ಹೋಗಿ ತುಕ್ಕು ಹಿಡಿದ ಚಿಲಕ ಎಳೆದಳು. ಅದು ಬೀದಿಗೆಲ್ಲ ಕೇಳುವ ಹಾಗೆ ಚೀರಿತು. ಹಿಂದೆಯೇ ಮೂರು ಗಂಟಲು ಒಟ್ಟಿಗೆ ಬಾಯಿಬಿಟ್ಟವು.

“ಒಳಗೆ ಯಾರು?”

“ಆಯಾ ಮಗು, ಮೇಡಂ. ಬೇಡ ಅಂದ್ರೂ ಕರ್ಕೊಂಡ್ ಬರ್ತಾಳೆ. ಏನ್ ಮಾಡೋದು, ಪಾಪ.”

ಹಜಾರದ ಬಾಗಿಲು ತೆರೆಯಿತು. ಆಯಾ ಗುಬ್ಬಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು. ಅವಳ ಹಿಂದೆ, ಕಣ್ಣುಜ್ಜಿಕೊಂಡು ಅಳುತ್ತ, ಒಂದು ಸಾಲು.

“ನನ್ನದು ಇದೊಂದು,” ಎಂದಳು. “ಉಳಿದ ನಾಲ್ಕು ಅಮ್ಮಾವ್ರದು. ಎಣಿಸ್ಕೊಳ್ಳಿ.”

ಪರದೆಯ ಹಿಂದಿನಿಂದ ಒಂದು ಹಾಸಿಗೆ ಎಳೆದು, ಹಜಾರದ ನಟ್ಟನಡುವೆ ಹಾಸಿ, ಗುಬ್ಬಿಯನ್ನು ಮಲಗಿಸಿದಳು. ಪಕ್ಕದಲ್ಲಿ ಕುಳಿತು ತಟ್ಟತೊಡಗಿದಳು.

ಅಧಿಕಾರಿ ಯಜಮಾನಿಯ ಮುಖ ನೋಡಿದಳು, ಕೈಯಲ್ಲಿದ್ದ ಪುಸ್ತಕ ನೋಡಿದಳು. ಬಹಳ ಹೊತ್ತು ಪುಟ ತಿರುವಿದ ಮೇಲೆ ಅವಳಿಗೆ ಒಂದು ನಿಯಮ ಸಿಕ್ಕಿತು.

“ಜ್ವರ ಇರೋ ಮಗೂನ ಬೇರೆ ಮಕ್ಕಳ ಹಾಸಿಗೆ ಮೇಲೆ ಮಲಗಿಸಬಾರದು. ಗೊತ್ತಿಲ್ವಾ ನಿಂಗೆ?”

“ಗೊತ್ತು” ಎಂದಳು ಆಯಾ. ಏಳಲಿಲ್ಲ.