ಕೂರಲು ಕಲಿತ ಮುಖಂಡ

ಮನೆ ಅರ್ಧ ಖಾಲಿಯಾಗಿತ್ತು. ಸೋಫಾ ಅಕ್ಕನ ಮನೆಗೆ, ಸೈಕಲ್ಲು ಎದುರು ಮನೆಗೆ, ಗೋಡೆ ಗಡಿಯಾರ ಯಾರಿಗೂ ಬೇಡವಾಗಿ ಮತ್ತೆ ಗೋಡೆಗೆ. ತಿಂಗಳ ಕೊನೆಯ ಗುರುವಾರ ಗಂಡ, ಹೆಂಡತಿ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಹಾಯಿದೋಣಿ ಹತ್ತಿ ಹೊರಡುವುದು, ಎರಡು ವರ್ಷ ಸಮುದ್ರದ ಮೇಲೇ ಸಂಸಾರ ಎಂದು ತೀರ್ಮಾನವಾಗಿತ್ತು. ಆ ಹಳೇ ದೋಣಿಗೆ ಜೀವ ತಂದವಳು ಹೆಂಡತಿ. ಹಡಗುಕಟ್ಟೆಯಲ್ಲಿ ವೆಲ್ಡರ್ ಅವಳು, ಅಪ್ಪನ ಮೀನುದೋಣಿಯಲ್ಲೇ ಬೆಳೆದವಳು. ಆರು ವರ್ಷದ ರಜಾದಿನಗಳನ್ನೆಲ್ಲ ದೋಣಿಯ ಹೊಟ್ಟೆಯೊಳಗೆ ಮಂಡಿಯೂರಿ ತುಕ್ಕು ಕೆರೆಯುತ್ತ ಕಳೆದಿದ್ದಳು. ಅದೇ ಆರು ವರ್ಷದಲ್ಲಿ ಗಂಡ ದೋಣಿಗೆ ಕೊಟ್ಟ ಕಾಣಿಕೆ ಎಂದರೆ ಒಂದು ಸಂವಿಧಾನ.

ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಕಾರ್ಮಿಕ ಸಂಘದ ಕಾರ್ಯದರ್ಶಿ. ಗೇಟಿನ ಮುಂದೆ ಧಿಕ್ಕಾರ ಕೂಗಿ ಕೂಗಿ ಗಂಟಲು ಶಾಶ್ವತವಾಗಿ ಕೆಟ್ಟಿತ್ತು. ಮನೆಯಲ್ಲಿ ಹೆಂಡತಿ ಅವನನ್ನು 'ಮುಖಂಡರೇ' ಎನ್ನುತ್ತಿದ್ದಳು. ಮೊದಲ ನಾಲ್ಕು ವರ್ಷ ಅದನ್ನು ಅವನು ಗೌರವ ಎಂದೇ ನಂಬಿದ್ದ.

ಹನ್ನೊಂದು ಪುಟದ ಸಂವಿಧಾನವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಮೊದಲ ಕಲಮು: ದೋಣಿಯಲ್ಲಿ ಕ್ಯಾಪ್ಟನ್ ಎಂಬ ಹುದ್ದೆ ಇರತಕ್ಕದ್ದಲ್ಲ. ಎರಡನೆಯದು: ಯಾರು ಏನೇ ಹೇಳಲಿ, ಮಾಡುವ ಮುನ್ನ 'ಯಾಕೆ' ಎಂದು ಕೇಳತಕ್ಕದ್ದು. ಎರಡನೆಯದನ್ನು ಮಗಳಿಗೆ ಎದೆಹಾಲಿನ ಜೊತೆಗೇ ಕುಡಿಸಿದ್ದ. ಹೊರಡುವ ಮುಂಚೆ ಒಮ್ಮೆ ತೋರಿಸೋಣವೆಂದು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದಿದ್ದಾಗ 'ಬಾಯಿ ತೆಗಿ' ಅಂದದ್ದಕ್ಕೆ ಅವಳು 'ಯಾಕೆ' ಅಂದಿದ್ದಳು. ಉತ್ತರ ಸಿಕ್ಕ ಮೇಲೆ ಇನ್ನೊಂದು 'ಯಾಕೆ'. ಬಾಗಿಲ ಬಳಿ ನಿಂತಿದ್ದ ಅಪ್ಪನ ಎದೆ ಹಿಗ್ಗಿ ಅಂಗಿಯ ಗುಂಡಿ ಬಿಗಿಯಾಗಿತ್ತು.

ಹೊರಡಲು ಹನ್ನೊಂದು ದಿನವಿದ್ದಾಗ, ಭಾನುವಾರ ಬೆಳಿಗ್ಗೆ, ನಾಲ್ವರೂ ಬಂದರಿನಾಚೆಗೆ ಒಂದು ಸುತ್ತು ಹೋದರು. ಗಾಳಿ ಹದವಾಗಿತ್ತು. ಮುಖಂಡ ಹಾಯಿಕಂಬ ಹಿಡಿದು, ದಿಗಂತವನ್ನು ತಾನೇ ಕರಡು ತಿದ್ದಿ ಅಚ್ಚಿಗೆ ಕಳಿಸಿದವನಂತೆ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಗಾಳಿ ಮಗ್ಗುಲು ಬದಲಿಸಿತು.

"ಕೂತ್ಕೋ!" ಚುಕ್ಕಾಣಿ ಹಿಡಿದಿದ್ದ ಹೆಂಡತಿ ಮಗಳಿಗೆ ಕೂಗಿದಳು.

"ಯಾಕೆ?"

ಹಾಯಿಯ ಬುಡದಲ್ಲಿರುವ ಅಡ್ಡಮರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸಿ ಬಂತು. ತಾಯಿ ಚುಕ್ಕಾಣಿ ಬಿಟ್ಟು, ಮಗಳ ಲೈಫ್ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ನೆಲಕ್ಕೆಳೆದಳು. ಮರ ಮಗಳ ಜುಟ್ಟಿನ ರಿಬ್ಬನ್ನು ಸವರಿಕೊಂಡು ಹೋಯಿತು.

ಮನೆ ತಲುಪಿದ್ದೇ ಹೆಂಡತಿ ನೇರ ಒಳಗೆ ನಡೆದಳು. ಅಡುಗೆಮನೆಗೆ ಬಂದು, ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಳು.

"ಮುಂದಿನ ಭಾನುವಾರ ಮತ್ತೆ ಹೋಗೋಣ. ನಾನು ಕೂತ್ಕೋ ಅಂದ ತಕ್ಷಣ ಇವಳು ಕೂತರೆ ಗುರುವಾರ ಹೊರಡೋದು. ಕೂರದಿದ್ದರೆ ದೋಣಿ ಮಾರಿಬಿಡ್ತೀನಿ. ನೀನು ಕಲಿಸಿದ್ದು ತಾನೆ, ನೀನೇ ಮರೆಸು."

"ಆದರೆ ಪ್ರಶ್ನೆ ಮಾಡದೆ ಪಾಲಿಸೋದು ಅಂದ್ರೆ ಅದು ತಾತ್ವಿಕವಾಗಿ..."

"ಮುಖಂಡರೇ, ನಿಮ್ಮ ಮ್ಯಾನೇಜರು ಗಾಜಿನ ರೂಮಲ್ಲಿ ಬೆಚ್ಚಗೆ ಕೂತು ಹೇಳ್ತಿದ್ದ. ನಾನು ಅದೇ ಮರದ ಕೆಳಗೆ ತಲೆ ಇಟ್ಟುಕೊಂಡು ಹೇಳ್ತಿದ್ದೀನಿ. ಎರಡೂ ಒಂದೇನಾ?"

ಇಪ್ಪತ್ತು ವರ್ಷ ಭಾಷಣ ಬಿಗಿದವನು ಕೆಮ್ಮಿದ.

ಮಾರನೆಯ ದಿನ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡ. ಮಗ ಮಾರ್ಕರ್ ಹಿಡಿದು ಡಬ್ಬಗಳ ಮೇಲೆ ಗೀಚುತ್ತಿದ್ದ. ದೋಣಿಯಲ್ಲಿ ನೀರು ತಾಗಿ ಕಾಗದದ ಚೀಟಿ ಕಿತ್ತುಹೋಗುತ್ತದೆಂದು ಒಳಗಿರುವುದರ ಹೆಸರನ್ನು ತಗಡಿನ ಮೇಲೇ ಬರೆಯಬೇಕಿತ್ತು. ಅವನಿಗೆ ಅಕ್ಷರ ಬಾರದ್ದರಿಂದ ಎಲ್ಲದರ ಮೇಲೂ ಆನೆಯ ಚಿತ್ರ ಬರೆದಿದ್ದ.

"ನೋಡು ಪುಟ್ಟಿ, ದೋಣಿಯಲ್ಲಿ ಅಮ್ಮ ಹೇಳಿದರೆ ಕೇಳಬೇಕು."

"ಯಾಕೆ?"

"ಅದೇ, ಆ 'ಯಾಕೆ'ನ ಬಿಡಬೇಕು."

"ಯಾಕೆ ಬಿಡಬೇಕು? ಮ್ಯಾನೇಜರ್ ಕೂತ್ಕೋ ಅಂದಾಗ ನೀನು ಕೂರಲೇ ಇಲ್ಲ ಅಂತ ಎಷ್ಟು ಸಲ ಹೇಳಿದ್ದೀಯ! ಎರಡು ಗಂಟೆ ನಿಂತೇ ಇದ್ದೆ ಅಂತ!"

ಆ ಎರಡು ಗಂಟೆಯ ಕಥೆ ಸಂಘದ ಪ್ರತಿ ಸಭೆಯಲ್ಲೂ ಚಪ್ಪಾಳೆ ಗಿಟ್ಟಿಸಿತ್ತು. ಮುಖಂಡ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಜ ಹೇಳ್ಲಾ? ಅವನು ಕೂತ್ಕೋ ಅಂದಿದ್ದು ಹೌದು. ರೂಮಲ್ಲಿ ಎರಡನೇ ಕುರ್ಚಿನೇ ಇರ್ಲಿಲ್ಲ."

ಮಗಳು ತಮ್ಮನ ಮಾರ್ಕರ್ ಕಸಿದು, ಸ್ಟೂಲು ಎಳೆದು ಹತ್ತಿ, ಫ್ರಿಜ್ಜಿನ ಮೇಲಿನ ಎರಡನೇ ಕಲಮಿಗೆ ಅಡ್ಡಗೆರೆ ಎಳೆದು ಕೆಳಗೆ ಗುಂಡಕ್ಷರದಲ್ಲಿ ಬರೆದಳು: 'ಮೊದಲು ಕೂರೋದು. ಸಂಜೆ ಕೇಳೋದು. ಅಮ್ಮ ಸುಳ್ಳು ಹೇಳಬಾರದು.'

ಅವನು ಕೆಂಪು ಪೆನ್ನು ತೆಗೆದು ಹುಡುಕಿದ. ತಿದ್ದಲು ಏನೂ ಸಿಗಲಿಲ್ಲ. ಅವನು ಹನ್ನೊಂದು ಪುಟ ಹಾಳೆ ಖರ್ಚು ಮಾಡಿದ್ದೇ ಬಂತು.

ಆ ವಾರವೆಲ್ಲ ಅಭ್ಯಾಸ ನಡೆಯಿತು. 'ಕೂತ್ಕೋ' ಅಂದರೆ ಸಾಕು, ಮಕ್ಕಳಿಬ್ಬರೂ ಇದ್ದಲ್ಲೇ ಕುಕ್ಕರಿಸುತ್ತಿದ್ದರು, ಬಚ್ಚಲಲ್ಲಿ, ಮೆಟ್ಟಿಲ ಮೇಲೆ, ಒಮ್ಮೆ ಔಷಧಿ ಅಂಗಡಿಯ ಸಾಲಿನಲ್ಲೂ. ಕೂಗುವ ಕೆಲಸ ಅಪ್ಪನದು. ಆಜ್ಞೆ ಕೊಡುವುದು ಇಷ್ಟು ಹಿತವಾಗಿರುತ್ತದೆಂದು ತಿಳಿದು ಅವನಿಗೆ ತನ್ನ ಬಗ್ಗೆಯೇ ಸ್ವಲ್ಪ ಹೇಸಿಗೆಯಾಯಿತು. ಆದರೂ ಇನ್ನೆರಡು ಸಲ ಕೂಗಿದ.

ಭಾನುವಾರ ಬಂತು. ಅಲೆ ಹೋದ ವಾರಕ್ಕಿಂತ ಜಾಸ್ತಿ. ಬಂದರಿನ ಗೋಡೆ ದಾಟಿ ಅರ್ಧ ಗಂಟೆಯಾಗಿರಬೇಕು, ಹೆಂಡತಿಯ ದನಿ ಚಾಟಿಯಂತೆ ಬಂತು.

"ಕೂತ್ಕೊಳ್ಳಿ!"

ಮಕ್ಕಳಿಬ್ಬರೂ ಮೂಟೆ ಇಳಿಸಿದ ಹಾಗೆ ಧೊಪ್ಪೆಂದು ಕೂತರು. ಮುಖಂಡನಿಗೆ ಕಣ್ತುಂಬಿ ಬಂತು. ಇಂಥ ಹೊತ್ತಿನಲ್ಲಿ ನಾಲ್ಕು ಮಾತಾಡದಿದ್ದರೆ ಹೇಗೆ?

"ಭೇಷ್ ಮಕ್ಕಳೇ! ಅಮ್ಮ ಯಾಕೆ ಹೀಗಂದಳು ಅಂದ್ರೆ, ಇದರಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ..."

ಅವನಿಗೆ ಅಭ್ಯಾಸ ಮಾಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಡ್ಡಮರ ಭುಜಕ್ಕೆ ಬಡಿಯಿತು. ಎರಡನೇ ಅಂಶ ನೀರಿನೊಳಗೆ ಮುಗಿಯಿತು.

ಮೇಲೆ ತೇಲಿ ಬಂದು ಉಪ್ಪುನೀರು ಉಗಿದು ನೋಡಿದಾಗ ದೋಣಿ ದೂರವಿತ್ತು, ಇನ್ನೂ ದೂರ ಹೋಗುತ್ತಿತ್ತು. ಆಗ ಕಂಡಿತು: ಮಗಳು ಕೂತಲ್ಲೇ ಕೂತು ತೋಳು ಚಾಚಿ ಅವನತ್ತ ಬೆರಳು ತೋರಿಸುತ್ತಿದ್ದಳು. ನೀರಿಗೆ ಬಿದ್ದವರ ಮೇಲಿಂದ ಒಬ್ಬರು ಕಣ್ಣು ಕೀಳಬಾರದು, ಅಲೆಗಳ ನಡುವೆ ತಲೆ ಕಳೆದುಹೋಗುತ್ತದೆ. ಅಮ್ಮ ಹೇಳಿದ್ದಳು, ಅವಳು ಮಾಡುತ್ತಿದ್ದಳು. ದೋಣಿ ತಿರುಗಿತು, ಬೆರಳೂ ತಿರುಗಿತು. ತೋಳು ಇಳಿಯಲಿಲ್ಲ. ಹೆಂಡತಿ ಆ ಬೆರಳನ್ನೇ ನೋಡಿಕೊಂಡು ದೋಣಿ ತಂದು, ಕೊಕ್ಕೆಗೋಲಿನಿಂದ ಅವನ ಲೈಫ್ ಜಾಕೆಟ್ಟಿನ ಕೊರಳಪಟ್ಟಿ ಸಿಕ್ಕಿಸಿ ಎಳೆದುಕೊಂಡಳು.

"ಅಪ್ಪ ದೊಡ್ಡ ಮೀನು," ಅಂದ ಮಗ. ಅವನೂ ಕೂತೇ ಇದ್ದ.

ಸಂಜೆ ಅಡುಗೆಮನೆಯಲ್ಲಿ, ಇದ್ದ ಎರಡೇ ಸ್ಟೂಲುಗಳ ಮೇಲೆ ತಾಯಿ ಮಗಳು ಎದುರುಬದುರಾದರು. ಮುಖಂಡ ಭುಜಕ್ಕೆ ಐಸ್ ಕಟ್ಟಿಕೊಂಡು ನೆಲದ ಮೇಲಿದ್ದ.

"ಯಾಕೆ ಕೂತ್ಕೊಳ್ಳಿ ಅಂದೆ?"

"ಮೊದಲು ಪರೀಕ್ಷೆಗೆ ಅಂದೆ. ಅಷ್ಟರಲ್ಲಿ ನಿಜವಾಗಿ ಗಾಳಿ ತಿರುಗಿಬಿಡ್ತು. ಅದು ನನ್ನ ತಪ್ಪು, ಗಾಳಿ ನೋಡಿಕೊಂಡು ಹೇಳಬೇಕಿತ್ತು."

"ಅಪ್ಪ ಬಿದ್ದಾಗ ನಿಂಗೆ ಹೆದರಿಕೆ ಆಯ್ತಾ?"

"ಹೂಂ. ತುಂಬಾ."

ಮಗಳು ತಲೆಯಾಡಿಸಿದಳು. ಮುಖಂಡ ಇಪ್ಪತ್ತು ವರ್ಷ ಎಷ್ಟೋ ಮೇಜುಗಳ ಮುಂದೆ ನಿಂತು ಪ್ರಶ್ನೆ ಕೇಳಿದ್ದ. ನನ್ನ ತಪ್ಪು ಎಂದೋ, ನನಗೂ ಹೆದರಿಕೆಯಾಯಿತು ಎಂದೋ ಹೇಳಿದವರು ಒಬ್ಬರೂ ನೆನಪಾಗಲಿಲ್ಲ. ಎದ್ದು ಹೋಗಿ, ಫ್ರಿಜ್ಜಿನ ಮೇಲಿನ, ಕ್ಯಾಪ್ಟನ್ ಬೇಡವೆಂಬ ಮೊದಲ ಕಲಮನ್ನು ತಾನೇ ಹೊಡೆದುಹಾಕಿದ.

"ಮಕ್ಕಳಿಬ್ಬರೂ ಪಾಸು," ಹೆಂಡತಿ ಅಂದಳು. "ನಿಮ್ಮದೇ ಚಿಂತೆ, ಮುಖಂಡರೇ."

"ನನಗೊಂದು ಮರುಪರೀಕ್ಷೆ?"

"ಬುಧವಾರ. ಯಾವಾಗ ಅಂತ ಹೇಳಲ್ಲ."

ಎರಡು ದಿನ ಅವನು ಸಿಕ್ಕಸಿಕ್ಕಲ್ಲಿ ಕೂತು ಎದ್ದ. ಬುಧವಾರ ಬಂದರಿನ ಧಕ್ಕೆಯಿಂದ ದೋಣಿಗೆ ಸಾಮಾನು ಏರಿಸುತ್ತಿದ್ದರು. ಫ್ರಿಜ್ಜಿಲ್ಲದೆಯೂ ಕೆಡದಿರಲಿ ಎಂದು ಮಗಳು ಒಂದೊಂದಕ್ಕೂ ಎಣ್ಣೆ ಸವರಿಟ್ಟಿದ್ದ ಮೂವತ್ತು ಮೊಟ್ಟೆಯ ಟ್ರೇ ಅವನ ಹಿಂದೆಯೇ ಇತ್ತು. ಹೆಂಡತಿ ಹಗ್ಗ ಸುತ್ತುತ್ತಿದ್ದವಳು ತಲೆಯೆತ್ತದೆ ಅಂದಳು, "ಕೂತ್ಕೋ."

ಅವನು ಕೂತ. ಪೂರ್ತಿ, ಗಟ್ಟಿಯಾಗಿ, ಒಂದೂ ಪ್ರಶ್ನೆ ಕೇಳದೆ.

ಎಣ್ಣೆ ಬೆರೆತ ಹಳದಿ ನಿಧಾನವಾಗಿ ಧಕ್ಕೆಯ ಕಲ್ಲಿನ ಮೇಲೆ ಹರಿಯಿತು. ಹೆಂಡತಿ ಅದನ್ನು ನೋಡಿದಳು, ಅವನ ಮುಖ ನೋಡಿದಳು. ನಗು ತಡೆಯಲಾರದೆ ಹಗ್ಗದ ಸುರುಳಿಯ ಮೇಲೆ ಕುಸಿದಳು.

"ಏಳಬಹುದಾ?" ಅವನು ಕೇಳಿದ.

"ಅಮ್ಮ ಇನ್ನೂ ಹೇಳಿಲ್ಲ," ಅಂದಳು ಮಗಳು.