ನೆರವಿಲ್ಲದ ಪಾಠ

ಕೆಂಪು ಗುರುತು ಮಾತ್ರ ಹೋಗಲೊಲ್ಲದು.

ತಾನು ಕಂಪ್ಯೂಟರಿನಲ್ಲಿ ತಯಾರಿಸಿದ ಕಪ್ಪೆಯ ಪಾಠದ ಮೊದಲ ಪುಟಕ್ಕೆ ರೆನೇ ತನ್ನದೇ ಫೋಟೋ ಹಾಕಿದ್ದಳು. ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ ಬರೆಯಬೇಕು, ಇಲ್ಲದಿದ್ದರೆ ಪಕ್ಕದಲ್ಲಿ ಕೆಂಪು ಗುರುತು. ಕಣ್ಣಿಲ್ಲದ ಮಕ್ಕಳಿಗೆ ಕಂಪ್ಯೂಟರು ಅದನ್ನು ಓದಿ ಹೇಳುತ್ತದೆ. ಕಪ್ಪೆಗೆ ಬರೆದದ್ದಾಗಿತ್ತು, ಗೊದಮೊಟ್ಟೆಗೂ ಆಗಿತ್ತು. ತನಗೆ ಏನೆಂದು ಬರೆಯುವುದು? 'ಕನ್ನಡಕದ ಹೆಂಗಸು' ಎಂದು ಬರೆದು ಅಳಿಸಿದಳು. 'ಶಿಕ್ಷಕಿ' ಎಂದು ಬರೆದಳು. ಶಿಕ್ಷಕಿಯೂ ಅಲ್ಲವಲ್ಲ! ಅದನ್ನೂ ಅಳಿಸಿದಳು.

"ಇನ್ನೂ ಮುಗೀಲಿಲ್ವೇನೆ?" ಗಂಡ ಕರ್ಟ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹೊರಗೆ ಹಿಮ ಗೋರುವ ಗಾಡಿ ಬೀದಿಯನ್ನು ಕೆರೆಯುತ್ತಿತ್ತು.

"ನನ್ನನ್ನ ಒಂದೇ ಸಾಲಲ್ಲಿ ಹೇಳು ಅಂದ್ರೆ ಏನಂತೀಯ?"

ಕರ್ಟ್ ಯೋಚಿಸಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ.

"ಒಳ್ಳೆಯವಳು," ಎಂದ. ಆಮೇಲೆ, "ನಿನ್ನೆ ರಾತ್ರಿ ಊಟಕ್ಕೆ ಮಾಡಿದ್ದ ಹಾಟ್‌ಡಿಶ್ ಉಳಿದಿದೆಯಾ?"

ಹೇಳುವಂಥದ್ದೇನೂ ಇಲ್ಲದ ಚಿತ್ರಕ್ಕೆ 'ಬರೀ ಅಲಂಕಾರ' ಎಂಬ ಚೌಕವಿದೆ. ಅಲ್ಲಿ ಗುರುತು ಹಾಕಿದರೆ ಕಂಪ್ಯೂಟರು ಆ ಚಿತ್ರವನ್ನು ಓದದೆ ದಾಟಿಬಿಡುತ್ತದೆ. ರೆನೇ ಗುರುತು ಹಾಕಿದಳು. ಕೆಂಪು ತಟ್ಟನೆ ಹಸಿರಾಯಿತು. ಥೂ, ಇಷ್ಟು ಸುಲಭವೇ!

ಮಿನ್ನೆಸೋಟಾದ ಆ ಚಿಕ್ಕ ಊರಿನ ಶಾಲೆಯಲ್ಲಿ ಅವಳು ಸಹಾಯಕಿ. ಬ್ರಿಟಾ ಎಂಬ ಕಣ್ಣು ಕಾಣದ ಹುಡುಗಿಯ ಪಕ್ಕ ಕೂತು ಹಲಗೆಯ ಮೇಲಿನ ಬರಹವನ್ನು, ಪುಸ್ತಕದ ಚಿತ್ರವನ್ನು, ಕಿಟಕಿಯಾಚೆ ಕೂತ ಹಕ್ಕಿಯನ್ನು ಪಿಸುದನಿಯಲ್ಲಿ ಹೇಳುವುದೇ ಕೆಲಸ. ಬರುವ ವರ್ಷ ಸಹಾಯಕಿಯರು ಬೇಡ, ತಂತ್ರಜ್ಞಾನ ಬಲ್ಲವರಿದ್ದರೆ ಸಾಕು ಎಂದು ಎರಡು ವರ್ಷದ ಹಿಂದೆಯೇ ಹೇಳಿತ್ತು ಶಾಲೆ. ಅದಕ್ಕೇ ಐವತ್ತರ ಹೊಸ್ತಿಲಲ್ಲಿ ಊರ ಕಮ್ಯುನಿಟಿ ಕಾಲೇಜು ಸೇರಿ, ಶಿಕ್ಷಣ ತಂತ್ರಜ್ಞಾನದಲ್ಲಿ ಅಸೋಸಿಯೇಟ್ ಎಂಬ ಕಿರುಪದವಿಗೆ ಓದುತ್ತಿದ್ದಳು. ತರಗತಿಯೆಲ್ಲ ಕಂಪ್ಯೂಟರಿನಲ್ಲೇ. ವಾರವಾರವೂ ಮುಖ ಕಾಣದ ಇಬ್ಬರು ಸಹಪಾಠಿಗಳಿಗೆ 'ನಿಮ್ಮ ವಿಚಾರ ಬಹಳ ಚೆನ್ನಾಗಿದೆ' ಎಂದು ಬರೆಯಬೇಕು. ಅವರೂ ಇವಳಿಗೆ ಅದನ್ನೇ ಬರೆಯುತ್ತಿದ್ದರು. ಅದಕ್ಕೂ ಅಂಕ ಉಂಟು.

ಇಂದು ಕೊನೆಯ ಪರೀಕ್ಷೆ. ತಾನು ತಯಾರಿಸಿದ ಪಾಠವನ್ನು ಮಗುವೊಂದು ಯಾರ ನೆರವೂ ಇಲ್ಲದೆ ಮುಗಿಸುವುದನ್ನು ಚಿತ್ರೀಕರಿಸಿ ಕಳಿಸಬೇಕು. ನಡುವೆ ಬಾಯಿ ಹಾಕಿದರೆ ನಪಾಸು, ಎರಡನೆಯ ಅವಕಾಶವಿಲ್ಲ. ಬ್ರಿಟಾಳಿಗೆ ತಾನು ಬೇಡವೆಂದು ತೋರಿಸಿಕೊಟ್ಟರೆ ಶಾಲೆಯಲ್ಲಿ ಉಳಿಯಬಹುದು. ಕೂತ ಕೊಂಬೆಯನ್ನೇ ಕಡಿಯುವುದಕ್ಕೂ ಒಂದು ಪದವಿ ಬೇಕು ನೋಡಿ.

ಶಾಲೆಯ ಅಂಗಳದಲ್ಲಿ ಕಾರು ನಿಲ್ಲಿಸುವಾಗ ಕಾಲೇಜಿನ ಮೇಷ್ಟರು ಓಡಗಾರ್ಡ್ ಫೋನು ಮಾಡಿದರು.

"ರೆನೇ, ಒಂದೇ ಮಾತು. ನೀವು ಅಲ್ಲಿ ಇಲ್ಲವೇ ಇಲ್ಲ ಅಂದ್ಕೊಂಡ್ಬಿಡಿ."

"ಅಂದ್ಕೊಂಡಿದ್ದೀನಿ ಸರ್."

ಎಂದಿನಿಂದ ಎಂದು ಅವರು ಕೇಳಲಿಲ್ಲ.

ಗ್ರಂಥಾಲಯದ ಮೂಲೆಯಲ್ಲಿ ಬ್ರಿಟಾ ಆಗಲೇ ಬಂದು ಕೂತಿದ್ದಳು. ಕಾಲು ತೂಗಾಡಿಸುತ್ತ, "ನೀನು ಪಕ್ಕದಲ್ಲೇ ಇರ್ತೀಯಲ್ಲ?" ಎಂದಳು.

"ಇವತ್ತು ನೀನೇ ಎಲ್ಲ ಮಾಡೋದು, ಜಾಣೆ."

"ಅಯ್ಯ, ಕೇಳಿದ್ದಕ್ಕೆ ಉತ್ತರ ಹೇಳು ಮಾರಾಯ್ತಿ."

"ಶುರು ಮಾಡು."

ರೆನೇ ಕ್ಯಾಮೆರಾ ಒತ್ತಿದಳು. ಸದ್ದಾಗದಿರಲೆಂದು ಹಿಮದ ಬೂಟು ಕಳಚಿ, ಕಾಲುಚೀಲದಲ್ಲೇ ಹಿಂದೆ ಸರಿದು ಗೋಡೆಗೆ ಒರಗಿದಳು.

ಕಂಪ್ಯೂಟರಿನ ಪಕ್ಕದ ಪುಟ್ಟ ಸ್ಪೀಕರ್ ಪೆಟ್ಟಿಗೆಯಿಂದ ಯಂತ್ರದ ದನಿ ಗೊದಮೊಟ್ಟೆಯನ್ನು ವರ್ಣಿಸಿತು. ಬ್ರಿಟಾ ಕಿಸಕ್ಕನೆ ನಕ್ಕಳು. ಪ್ರಶ್ನೆಗೆ ಉತ್ತರದ ಗುಂಡಿಯನ್ನು ತಡವಿ ಒತ್ತಿದಳು, ಸರಿ. ಮತ್ತೊಂದು, ಅದೂ ಸರಿ. ಹುಡುಗಿ ಗೆದ್ದಾಗಲೆಲ್ಲ ರೆನೇಗೆ ಹೆಮ್ಮೆಯಿಂದ ಎದೆ ತುಂಬಿ ಬರುತ್ತಿತ್ತು. ಆದರೂ, ಒಂದಾದರೂ ತಪ್ಪಬಾರದೇ ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಕೊನೆಯ ಪ್ರಶ್ನೆಗೆ ಬ್ರಿಟಾಳ ಬೆರಳು ನಿಂತಿತು.

"ರೆನೇ?"

ಬ್ರಿಟಾ ಪಕ್ಕದ ಕುರ್ಚಿಯ ಕಡೆಗೆ ಮುಖ ತಿರುಗಿಸಿದಳು.

"ಉತ್ತರ ಗೊತ್ತು ನಂಗೆ. ಹೇಳ್ಕೊಡ್ಬೇಡ. ಇದ್ದೀಯಾ ಅಂತ ಅಷ್ಟೇ ಹೇಳು."

ರೆನೇಯ ಬಾಯಿ ತೆರೆಯಿತು. ಒಂದು 'ಹ್ಞೂಂ' ಸಾಕಿತ್ತು. ಕ್ಯಾಮೆರಾದ ದೀಪ ಮಿಟುಕುತ್ತಿತ್ತು. ಎರಡು ವರ್ಷದ ನಿದ್ದೆಗೆಟ್ಟ ಓದು, ಬರುವ ವರ್ಷದ ಕೆಲಸ, ಎಲ್ಲವೂ ಆ ಒಂದು 'ಹ್ಞೂಂ'ನಲ್ಲಿ ಕೂತಿತ್ತು. ಬಾಯಿ ಮುಚ್ಚಿದಳು.

ಬ್ರಿಟಾ ಪಕ್ಕಕ್ಕೆ ಕೈ ಚಾಚಿ ಕುರ್ಚಿಯ ಬೆನ್ನನ್ನು ತಡವಿದಳು. ಕೂರುವ ಹಲಗೆಯನ್ನು ತಡವಿದಳು. ಕೈ ಅಲ್ಲೇ ಸ್ವಲ್ಪ ಹೊತ್ತು ಅಂಗಾತ ಬಿದ್ದಿತ್ತು. ಆಮೇಲೆ ಹಿಂದಕ್ಕೆ ತೆಗೆದುಕೊಂಡು ಗುಂಡಿ ಒತ್ತಿದಳು.

"ಭೇಷ್!" ಎಂದಿತು ಪೆಟ್ಟಿಗೆ. ಅದು ರೆನೇಯದೇ ದನಿ. ಪಾಠದ ಕೊನೆಗೆಂದು ಎಂದೋ ಅಡುಗೆಮನೆಯಲ್ಲಿ ಕೂತು ಧ್ವನಿಮುದ್ರಿಸಿದ್ದು. "ಯಾರ ನೆರವೂ ಇಲ್ಲದೆ ಮುಗಿಸಿಬಿಟ್ಟೆಯಲ್ಲ, ನನ್ನ ಚಿನ್ನ!"

ಹುಡುಗಿಯ ಮುಖ ಅರಳಿತು. ಎರಡೂ ಕೈಗಳಿಂದ ಆ ಪುಟ್ಟ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಕೆನ್ನೆಯನ್ನು ಅದಕ್ಕೆ ಒತ್ತಿ ಕೇಳಿದಳು:

"ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ?"